ಶೇರು ಬೇಕೋ, ಬಾಂಡ್ ಬೇಕೋ? ಮೊದಲು ನಿಮ್ಮ ದುಡಿಮೆ ಯಾವ ಥರದ್ದು ನೋಡಿಕೊಳ್ಳಿ

ಬಳ್ಳಾರಿ: ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬಂದಾಗ, ಮನೆ ಹಿರಿಯರು ನಿವೃತ್ತಿಯಾಗಿ ಗ್ರಾಚ್ಯುಟಿ ದುಡ್ಡು ಖಾತೆಗೆ ಬಿದ್ದಾಗ, ಇಲ್ಲವೇ ಸೈಟ್ ಮಾರಿದ ಹಣ ಬ್ಯಾಂಕಿನಲ್ಲಿ ಸುಮ್ಮನೆ ಕೂತಾಗ ಹಲವು ಮನೆಗಳಲ್ಲಿ ಒಂದೇ ಚರ್ಚೆ. ಮಗ "ಶೇರಿಗೆ ಹಾಕೋಣಪ್ಪ" ಅಂತಾನೆ. ಅಪ್ಪ "ಶೇರ್ ಅಂದ್ರ ಇಸ್ಪೀಟ್ ಇದ್ದಂಗ, ಸುಮ್ನ ಎಫ್‌ಡಿ ಇಡು" ಅಂತಾರೆ. ಮಾತು ಅಲ್ಲಿಗೇ ನಿಲ್ಲುತ್ತೆ. ಕೊನೆಗೆ ಯಾರ ದನಿ ಜೋರೋ ಅವರ ಮಾತು ನಡೆಯುತ್ತೆ.

ಇಬ್ಬರ ಮಾತಲ್ಲೂ ಸತ್ಯ ಇದೆ. ಆದ್ರೆ ಇಬ್ಬರೂ ಒಂದು ಪ್ರಶ್ನೆ ಕೇಳೋದು ಮರೆತಿರ್ತಾರೆ. ಈ ಮನೆಗೆ ಅನ್ನ ಹಾಕ್ತಿರೋ ದುಡಿಮೆ ಎಷ್ಟು ಗಟ್ಟಿ? ಅದು ಗೊತ್ತಾಗದೆ ಶೇರು ಒಳ್ಳೇದೋ ಬಾಂಡ್ ಒಳ್ಳೇದೋ ಅಂತ ಹೇಳೋಕೆ ಆಗಲ್ಲ. ಬಳ್ಳಾರಿಯ ಬಟ್ಟೆ ಅಂಗಡಿಗೆ ಸರಿಯಾದ ಲೆಕ್ಕ ಸಿರುಗುಪ್ಪದ ಮೇಷ್ಟ್ರಿಗೆ ಸರಿ ಹೋಗಲ್ಲ. ಮೇಷ್ಟ್ರ ಲೆಕ್ಕ ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರಿಗೆ ಸರಿ ಹೋಗಲ್ಲ.

ಸಾಲ ಕೊಟ್ಟವರು, ಪಾಲು ಹಿಡಿದವರು

ಮೊದಲು ಈ ಎರಡಕ್ಕೂ ಇರೋ ವ್ಯತ್ಯಾಸ. ಸಿರುಗುಪ್ಪದಲ್ಲಿ ಒಂದು ರೈಸ್ ಮಿಲ್ ಇದೆ ಅಂದ್ಕೊಳ್ಳಿ. ಮಾಲೀಕರಿಗೆ ಹೊಸ ಯಂತ್ರ ಹಾಕೋಕೆ ದುಡ್ಡು ಬೇಕು. ಒಬ್ಬರು "ಹತ್ತು ಲಕ್ಷ ಕೊಡ್ತೀನಿ, ವರ್ಷಕ್ಕೆ ಇಷ್ಟು ಬಡ್ಡಿ ಕೊಡಿ, ಐದು ವರ್ಷಕ್ಕೆ ಅಸಲು ವಾಪಸ್ ಮಾಡಿ" ಅಂತಾರೆ. ಇನ್ನೊಬ್ಬರು "ನನಗೆ ಬಡ್ಡಿ ಬೇಡ, ಮಿಲ್‌ನಲ್ಲಿ ಪಾಲು ಕೊಡಿ, ಲಾಭ ಬಂದ್ರೆ ಹಂಚಿಕೊಳ್ಳೋಣ" ಅಂತಾರೆ.

ಮೊದಲನೆಯವರು ಕೊಟ್ಟಿದ್ದು ಬಾಂಡ್. ಎರಡನೆಯವರು ತಗೊಂಡಿದ್ದು ಶೇರು.

ಮಿಲ್ ಚೆನ್ನಾಗಿ ನಡೆದು ಲಾಭ ಮೂರು ಪಟ್ಟಾದ್ರೂ ಸಾಲ ಕೊಟ್ಟವರಿಗೆ ಅದೇ ಬಡ್ಡಿ, ಒಂದು ರೂಪಾಯಿ ಹೆಚ್ಚಿಲ್ಲ. ಪಾಲುದಾರರಿಗೆ ಹಬ್ಬ. ಮಿಲ್ ನಷ್ಟಕ್ಕೆ ಬಿದ್ರೆ ಸಾಲದವರದ್ದು ಮೊದಲು ತೀರಿಸಬೇಕು, ಉಳಿದಿದ್ದರೆ ಮಾತ್ರ ಪಾಲುದಾರರಿಗೆ. ಅಂದ್ರೆ ಪಾಲುದಾರರು ಸಾಲಿನ ಕೊನೆಯಲ್ಲಿ ನಿಂತವರು. ಆ ಅಪಾಯಕ್ಕೆ ಸಿಗೋ ಕೂಲಿಯೇ ಶೇರಿನ ಹೆಚ್ಚಿನ ಲಾಭ. ಅಪಾಯ ಇಲ್ಲದೆ ಹೆಚ್ಚಿನ ಲಾಭ ಕೊಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ಎದ್ದು ಬರಬೇಕು.

ಬ್ಯಾಂಕ್ ಎಫ್‌ಡಿ, ಅಂಚೆ ಕಚೇರಿಯ ಎನ್‌ಎಸ್‌ಸಿ, ಸರ್ಕಾರಿ ಬಾಂಡ್ ಇವೆಲ್ಲ ಸಾಲ ಕೊಟ್ಟವರ ಸಾಲಿನವು. ಬಡ್ಡಿ ಎಷ್ಟು ಅನ್ನೋದು ಮೊದಲೇ ಗೊತ್ತಿರುತ್ತೆ. ಶೇರು, ಶೇರಿನ ಮ್ಯೂಚುವಲ್ ಫಂಡ್ ಇವು ಪಾಲುದಾರರ ಸಾಲಿನವು.

ಹಿಂಜರಿಕೆ ಹೇಡಿತನ ಅಲ್ಲ

ಒಂದು ಆಟ. ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಸುಮ್ಮನೆ 50 ರೂಪಾಯಿ ತಗೊಂಡು ಹೋಗೋದು. ಎರಡು, ನಾಣ್ಯ ಚಿಮ್ಮೋದು. ಗೆದ್ರೆ 200 ರೂಪಾಯಿ, ಸೋತ್ರೆ ಏನೂ ಇಲ್ಲ. ಲೆಕ್ಕದ ಪ್ರಕಾರ ಎರಡನೇದರ ಸರಾಸರಿ 100 ರೂಪಾಯಿ, ಅಂದ್ರೆ ಮೊದಲನೇದರ ಎರಡು ಪಟ್ಟು. ಆದ್ರೂ ಬಹಳ ಜನ ಅದಕ್ಕೆ ಕೈ ಹಾಕಲ್ಲ.

ಇದು ಕಟ್ಟುಕತೆ ಅಲ್ಲ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿದ್ದ ಹಾನ್ಸ್ ಬಿನ್ಸ್‌ವಾಂಗರ್ ಅನ್ನೋ ಅರ್ಥಶಾಸ್ತ್ರಜ್ಞರು ಮಹಾರಾಷ್ಟ್ರ ಮತ್ತು ಅಂದಿನ ಆಂಧ್ರಪ್ರದೇಶದ ಒಣಭೂಮಿ ಹಳ್ಳಿಗಳಲ್ಲಿ ರೈತರು, ಕೂಲಿಕಾರರ ಜೊತೆ ಇದೇ ಥರದ ಆಟ ಆಡಿಸಿದ್ರು. ಗೆದ್ದವರಿಗೆ ನಿಜವಾದ ದುಡ್ಡನ್ನೇ ಕೊಟ್ರು. ಪೂರ್ತಿ ಖಚಿತವಾದ ದಾರಿಯಿಂದ ಹಿಡಿದು ಪೂರ್ತಿ ಜೂಜಿನ ದಾರಿವರೆಗೆ ಮೆಟ್ಟಿಲು ಮೆಟ್ಟಿಲಾಗಿ ಆಯ್ಕೆಗಳಿದ್ದವು. ಫಲಿತಾಂಶ 1980ರಲ್ಲಿ ಪ್ರಕಟವಾಯ್ತು. ಪಣ ಸಣ್ಣದಿದ್ದಾಗ ಜನ ಬೇರೆ ಬೇರೆ ಥರ ಆಡಿದ್ರು. ಪಣ ದೊಡ್ಡದಾದಂತೆ ಹೆಚ್ಚಿನವರು ನಡುವಿನ ಮೆಟ್ಟಿಲಿಗೆ ಬಂದು ನಿಂತ್ರು. ಪೂರ್ತಿ ಭದ್ರವೂ ಬೇಡ, ಪೂರ್ತಿ ಜೂಜೂ ಬೇಡ. ಹೆಚ್ಚು ಆಸ್ತಿ ಇದ್ದವರು, ಇಲ್ಲದವರು ಅಂತ ಇದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಹೀಗೆ ಅಪಾಯ ಕಂಡ್ರೆ ಹಿಂದೆ ಸರಿಯೋ ಗುಣ ಪ್ರಪಂಚದ ಎಲ್ಲಾ ಕಡೆ ಇದೆ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಇನ್ನೊಂದು ವಿಷಯ ತೋರಿಸಿದ್ರು. ಸಾವಿರ ರೂಪಾಯಿ ಬಂದಾಗ ಆಗೋ ಖುಷಿಗಿಂತ ಸಾವಿರ ರೂಪಾಯಿ ಹೋದಾಗ ಆಗೋ ಸಂಕಟ ಜಾಸ್ತಿ. ಮುಂದಿನ ಅಧ್ಯಯನದಲ್ಲಿ ಅವರ ಅಂದಾಜಿನ ಪ್ರಕಾರ ಅದು ಸುಮಾರು ಎರಡು ಪಟ್ಟು.

ಇದರಿಂದ ಒಂದು ತೊಂದರೆ ಇದೆ. ದಿನಾ ಮೊಬೈಲ್‌ನಲ್ಲಿ ಶೇರಿನ ದರ ನೋಡೋರಿಗೆ ಏರಿದ ದಿನಗಳೂ ಕಾಣುತ್ತವೆ, ಇಳಿದ ದಿನಗಳೂ ಕಾಣುತ್ತವೆ. ಇಳಿದ ದಿನದ ನೋವು ಎರಡು ಪಟ್ಟು ಆಗಿರೋದ್ರಿಂದ ಒಟ್ಟಾರೆ ಲಾಭದಲ್ಲಿದ್ರೂ ಮನಸ್ಸಿಗೆ ನಷ್ಟವೇ ಅನ್ಸುತ್ತೆ. ಕೊನೆಗೆ ಬಿದ್ದಾಗ ಮಾರಿ ಕೈ ತೊಳ್ಕೋತಾರೆ. ವರ್ಷಕ್ಕೊಮ್ಮೆ ನೋಡೋರಿಗೆ ಈ ಕಾಟ ಕಡಿಮೆ.

ಹಾಗಾಗಿ ಮನೆ ಹಿರಿಯರು "ಬ್ಯಾಡಪ್ಪ" ಅಂದ್ರೆ ಅದು ದಡ್ಡತನ ಅಲ್ಲ. ಆದ್ರೆ ಆ ಹಿಂಜರಿಕೆ ಯಾವುದನ್ನು ಅಪಾಯ ಅಂತ ನೋಡುತ್ತೆ, ಯಾವುದನ್ನು ನೋಡಲ್ಲ ಅನ್ನೋದು ಮುಖ್ಯ.

ಬಾಂಡ್ ಅಂದಾಕ್ಷಣ ಭದ್ರ ಅಂತಲ್ಲ

ಬಾಂಡಿಗೂ ಅದರದ್ದೇ ಮೂರು ಅಪಾಯ ಇವೆ.

ಮೊದಲನೇದು ಬೆಲೆಯೇರಿಕೆ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದ್ರೆ ಇವತ್ತಿನ ಒಂದು ಲಕ್ಷ ರೂಪಾಯಿ ಹತ್ತು ವರ್ಷದ ನಂತರ ಇವತ್ತಿನ ಸುಮಾರು 55,800 ರೂಪಾಯಿಯ ಸಾಮಾನು ಮಾತ್ರ ಕೊಳ್ಳುತ್ತೆ. ಬಡ್ಡಿ ಶೇ 6.5 ಬಂದು, ಅದರ ಮೇಲೆ ತೆರಿಗೆಯೂ ಕಟ್ಟಿದ್ರೆ ಕೈಯಲ್ಲಿ ಉಳಿಯೋದು ಹೆಚ್ಚುಕಡಿಮೆ ಏನೂ ಇಲ್ಲ. ಪಾಸ್‌ಬುಕ್ಕಿನಲ್ಲಿ ಅಂಕಿ ಏರುತ್ತೆ, ಅಂಗಡಿಯಲ್ಲಿ ಚೀಲ ತುಂಬಲ್ಲ.

ಎರಡನೇದು ಬಡ್ಡಿ ದರದ ಏರಿಳಿತ. ನಿಮ್ಮ ಹತ್ರ ಶೇ 7ರ, 10,000 ರೂಪಾಯಿಯ ಬಾಂಡ್ ಇದೆ. ಅವಧಿ ಇನ್ನೂ ಹತ್ತು ವರ್ಷ ಬಾಕಿ. ಅಷ್ಟರಲ್ಲಿ ಮಾರುಕಟ್ಟೆಗೆ ಶೇ 8ರ ಹೊಸ ಬಾಂಡ್ ಬಂತು. ಈಗ ನಿಮ್ಮದನ್ನ ಪೂರ್ತಿ ಬೆಲೆಗೆ ಯಾರೂ ಕೊಳ್ಳಲ್ಲ. ಸುಮಾರು 9,330 ರೂಪಾಯಿಗೆ ಮಾರಬೇಕಾಗುತ್ತೆ. ಮಾರದೆ ಅವಧಿ ಮುಗಿಯೋವರೆಗೆ ಇಟ್ಕೊಂಡ್ರೆ ಪೂರ್ತಿ 10,000 ವಾಪಸ್. ಅಂದ್ರೆ ದುಡ್ಡು ಯಾವಾಗ ಬೇಕು ಅನ್ನೋದರ ಮೇಲೆ ಬಾಂಡಿನ ಭದ್ರತೆ ನಿಂತಿದೆ.

ಮೂರನೇದು ಸಾಲ ತಗೊಂಡವರೇ ಕೈಚೆಲ್ಲೋದು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಕುಸಿತದ ಅಂಚಿಗೆ ಬಂದಾಗ ಅದರ ಎಟಿ-1 ಅನ್ನೋ ಬಾಂಡ್‌ಗಳ 8,415 ಕೋಟಿ ರೂಪಾಯಿಯನ್ನ ಪೂರ್ತಿ ಸೊನ್ನೆ ಮಾಡಲಾಯ್ತು. ಅದರಲ್ಲಿ ಎಫ್‌ಡಿಗಿಂತ ಸ್ವಲ್ಪ ಜಾಸ್ತಿ ಬಡ್ಡಿ ಸಿಗುತ್ತೆ ಅಂತ ಹಾಕಿದ ಸಾಮಾನ್ಯ ಜನರೂ ಇದ್ರು. ಆ ವಿಷಯ ಆಮೇಲೆ ನ್ಯಾಯಾಲಯದ ಮೆಟ್ಟಿಲೇರಿತು. ಹಾಗಾಗಿ "ಬಾಂಡ್" ಅನ್ನೋ ಹೆಸರು ನೋಡಿ ನಂಬಬೇಡಿ. ಸಾಲ ತಗೊಳ್ತಿರೋರು ಯಾರು ಅಂತ ನೋಡಿ. ಕೇಂದ್ರ ಸರ್ಕಾರವೋ, ರಾಜ್ಯ ಸರ್ಕಾರವೋ, ಬ್ಯಾಂಕೋ, ಖಾಸಗಿ ಕಂಪನಿಯೋ?

ಠೇವಣಿ ವಿಷಯದಲ್ಲೂ ಇದೇ ಮಾತು. ಬ್ಯಾಂಕ್ ಮುಳುಗಿದ್ರೆ ಠೇವಣಿ ವಿಮೆಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಸಿಗುತ್ತೆ. 2020ರ ಫೆಬ್ರವರಿ 4ಕ್ಕೆ ಮುಂಚೆ ಇದು ಬರೀ 1 ಲಕ್ಷ ಇತ್ತು. ಸಹಕಾರಿ ಬ್ಯಾಂಕ್‌ಗಳಿಗೂ ಈ ವಿಮೆ ಇದೆ. ಆದ್ರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘಗಳಲ್ಲಿ ಇಟ್ಟ ಠೇವಣಿಗೆ ಇಲ್ಲ. ಅರ್ಧ, ಒಂದು ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಇಡೋ ಮುಂಚೆ ಈ ವ್ಯತ್ಯಾಸ ಗೊತ್ತಿರಲಿ.

ಶೇರು ಬಿದ್ರೆ ಎಷ್ಟು ಬೀಳುತ್ತೆ?

2008ರ ಜನವರಿಯಲ್ಲಿ ಸೆನ್ಸೆಕ್ಸ್ 20,873ರಲ್ಲಿತ್ತು. 2009ರ ಮಾರ್ಚ್ 9ಕ್ಕೆ 8,160. ಹದಿನಾಲ್ಕು ತಿಂಗಳಲ್ಲಿ ನೂರರಲ್ಲಿ 61 ರೂಪಾಯಿ ಮಾಯ. 2010ರ ನವೆಂಬರ್‌ನಲ್ಲಿ ಮತ್ತೆ 21,000 ಮುಟ್ಟಿತು. ಅಲ್ಲಿ ನಿಲ್ಲಲಿಲ್ಲ, ಮತ್ತೆ ಇಳೀತು. ಆ ಮಟ್ಟ ದಾಟಿದ್ದು 2013ರ ಕೊನೆಗೆ. ಅಂದ್ರೆ ತುದಿಯಲ್ಲಿ ದುಡ್ಡು ಹಾಕಿದವರು ಹತ್ತಿರ ಹತ್ತಿರ ಆರು ವರ್ಷ ಕಾದ್ರು.

ಕೋವಿಡ್ ಬಂದಾಗ 2020ರ ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್ 3,934 ಅಂಶ ಕುಸಿದು 25,981ಕ್ಕೆ ಬಂತು. ಆದ್ರೆ ಒಂದು ವರ್ಷ ತುಂಬೋದರೊಳಗೆ, 2021ರ ಫೆಬ್ರವರಿಯಲ್ಲಿ, 50,000ದ ಮೇಲೆ ಮುಕ್ತಾಯವಾಯ್ತು. ಮಾರ್ಚ್ 23ರಂದು ಹೆದರಿ ಮಾರಿದವರ ನಷ್ಟ ಶಾಶ್ವತ ಆಯ್ತು. ಕಾದವರಿಗೆ ಅದೇ ದುಡ್ಡು ವಾಪಸ್ ಬಂತು. ಆದ್ರೆ ಅವತ್ತು ಅಂಗಡಿ ಮುಚ್ಚಿ, ಬಾಡಿಗೆ ಕಟ್ಟೋಕೂ ದುಡ್ಡಿಲ್ಲದೆ ಕೂತವರಿಗೆ "ಕಾಯಿರಿ" ಅಂತ ಹೇಳೋದು ಸುಲಭ, ಕಾಯೋದು ಕಷ್ಟ.

"ಶೇರು ಕೊನೆಗೆ ಏರಿಯೇ ಏರುತ್ತೆ" ಅನ್ನೋದಕ್ಕೂ ಗ್ಯಾರಂಟಿ ಇಲ್ಲ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ!

ಹಾಗಾದ್ರೆ ಎರಡನ್ನೂ ಬೆರೆಸಿದ್ರೆ ಏನಾಗುತ್ತೆ? 2008ರಂಥ ಕುಸಿತ, ಕೈಯಲ್ಲಿ ಒಂದು ಲಕ್ಷ ಅಂದ್ಕೊಳ್ಳಿ. ಬಾಂಡಿನ ಬಡ್ಡಿ ಲೆಕ್ಕಕ್ಕೆ ಬೇಡ.

– ಪೂರ್ತಿ ಶೇರಿನಲ್ಲಿದ್ರೆ ಉಳಿಯೋದು 39,000 ರೂಪಾಯಿ.
– ಅರ್ಧ ಶೇರು, ಅರ್ಧ ಬಾಂಡ್ ಇದ್ರೆ 69,500 ರೂಪಾಯಿ.
– ಕಾಲು ಭಾಗ ಶೇರು, ಮುಕ್ಕಾಲು ಬಾಂಡ್ ಇದ್ರೆ 84,750 ರೂಪಾಯಿ.

ಈ ಮೂರು ಅಂಕಿ ನೋಡಿ, ಯಾವುದನ್ನು ಕಂಡ್ರೆ ನಿಮಗೆ ರಾತ್ರಿ ನಿದ್ದೆ ಬರುತ್ತೆ ಅಂತ ಕೇಳ್ಕೊಳ್ಳಿ. ಅದು ನಿಮ್ಮ ಧೈರ್ಯದ ಮಿತಿ.

ಹೀಗೆ ಹಂಚಿ ಹಾಕೋ ಗಣಿತವನ್ನು 1952ರಲ್ಲಿ ಬರೆದವರು ಹ್ಯಾರಿ ಮಾರ್ಕೊವಿಟ್ಜ್. ಅದಕ್ಕೇ 1990ರಲ್ಲಿ ಅವರಿಗೆ ನೊಬೆಲ್ ಬಂತು. ಆದ್ರೆ ಸ್ವಂತ ನಿವೃತ್ತಿ ಹಣದ ವಿಷಯ ಬಂದಾಗ ಅವರು ತಮ್ಮದೇ ಸೂತ್ರ ಹಾಕಲಿಲ್ಲ. ಅರ್ಧ ಶೇರಿಗೆ, ಅರ್ಧ ಬಾಂಡಿಗೆ ಹಾಕಿದ್ರು. ಶೇರು ಏರಿದಾಗ ತಾನು ಹೊರಗೆ ಉಳಿದೆನಲ್ಲ ಅಂತಲೂ, ಬಿದ್ದಾಗ ಎಲ್ಲಾ ಅಲ್ಲೇ ಹಾಕಿದೆನಲ್ಲ ಅಂತಲೂ ಕೊರಗಬಾರದು ಅನ್ನೋದು ಅವರ ಕಾರಣ. ದೊಡ್ಡ ಲೆಕ್ಕಿಗನೂ ಮನಸ್ಸಿನ ಮಾತು ಕೇಳಿದ್ದ.

ನಿಮ್ಮ ದುಡಿಮೆಯೇ ಶೇರೋ, ಬಾಂಡೋ?

ಈಗ ಮುಖ್ಯ ವಿಷಯ. ಬ್ಯಾಂಕಿನಲ್ಲಿರೋ ದುಡ್ಡಷ್ಟೇ ನಿಮ್ಮ ಆಸ್ತಿ ಅಲ್ಲ. ಮುಂದೆ ಹತ್ತಿಪ್ಪತ್ತು ವರ್ಷ ನೀವು ದುಡಿದು ತರೋ ದುಡ್ಡೂ ಆಸ್ತಿಯೇ. ಬಹಳ ಜನರಿಗೆ ಅದೇ ದೊಡ್ಡ ಆಸ್ತಿ. ಅದು ಯಾವ ಥರದ್ದು?

ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ಹೆಚ್ಚುಕಡಿಮೆ ಬಾಂಡ್ ಇದ್ದ ಹಾಗೆ. ಮಳೆ ಬರಲಿ, ಬಿಡಲಿ, ತಿಂಗಳಿಗೆ ಇಷ್ಟು ಅಂತ ಬರುತ್ತೆ. ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿ, ಜೀನ್ಸ್ ಹೊಲಿಯೋ ಘಟಕ, ಟಿಪ್ಪರ್, ಭತ್ತದ ಗದ್ದೆ, ಮೆಣಸಿನಕಾಯಿ ಹೊಲ ಇವೆಲ್ಲ ಶೇರು ಇದ್ದ ಹಾಗೆ. ಒಳ್ಳೆ ವರ್ಷ ಕೈ ತುಂಬುತ್ತೆ, ಕೆಟ್ಟ ವರ್ಷ ಅಸಲೂ ಹೋಗುತ್ತೆ.

ಈ ಜಿಲ್ಲೆಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅದಿರಿಗೆ ಚೀನಾದಿಂದ ಬೇಡಿಕೆ ಬಂದ ಕಾಲದಲ್ಲಿ ಸಾಲ ಮಾಡಿ ಲಾರಿ, ಟಿಪ್ಪರ್ ಕೊಂಡವರು ಎಷ್ಟೋ ಮಂದಿ. 2011ರ ಜುಲೈ 27ರಂದು ಲೋಕಾಯುಕ್ತ ವರದಿ ಬಂತು. ಎರಡೇ ದಿನಕ್ಕೆ, ಜುಲೈ 29ರಂದು, ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಗಣಿ ನಿಂತ್ರೆ ಲಾರಿ ನಿಲ್ಲುತ್ತೆ. ಲಾರಿ ನಿಂತ್ರೆ ಗ್ಯಾರೇಜು, ಟೈರ್ ಅಂಗಡಿ, ರಸ್ತೆ ಬದಿಯ ಹೋಟೆಲು ಎಲ್ಲದಕ್ಕೂ ಪೆಟ್ಟು. ದುಡಿಮೆಯೂ ಲಾರಿಯಲ್ಲಿ, ಉಳಿತಾಯವೂ ಇನ್ನೊಂದು ಲಾರಿಯಲ್ಲಿ ಇಟ್ಟವರಿಗೆ ಹಿಡ್ಕೊಳ್ಳೋಕೆ ಏನೂ ಉಳೀಲಿಲ್ಲ.

2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ದಿಢೀರ್ ಕುಸಿದು, ರೊಚ್ಚಿಗೆದ್ದವರು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಎಲ್ಲರಿಗೂ ನೆನಪಿದೆ. ಕುರುಗೋಡು ಭಾಗದ ಬೆಳೆಗಾರರಿಗೂ ಬ್ಯಾಡಗಿಯ ದರವೇ ದರ. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋಯ್ತು. ಒಂದು ವಾರ ಸಿರುಗುಪ್ಪದ ಭತ್ತದವರು, ಮಿಲ್‌ನವರು, ಗೊಬ್ಬರದ ಅಂಗಡಿಯವರು ಎಲ್ಲರೂ ನದಿ ಕಡೆ ಮುಖ ಮಾಡಿ ಕೂತಿದ್ರು. ತಾತ್ಕಾಲಿಕ ಗೇಟ್ ಕೂರಿಸಿದ್ರು, ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಆದ್ರೆ 33 ಗೇಟಿನಲ್ಲಿ ಒಂದು ಹೋದ್ರೆ ಇಡೀ ತಾಲ್ಲೂಕಿನ ಎದೆ ಹೊಡ್ಕೊಳ್ಳುತ್ತೆ ಅನ್ನೋದು ಗೊತ್ತಾಯ್ತು.

ಅಂದ್ರೆ ಇಲ್ಲಿನ ರೈತರು, ವ್ಯಾಪಾರಿಗಳು ಒಂದು ಶೇರನ್ನೂ ಕೊಳ್ಳದೆ ಆಗಲೇ ಶೇರಿನಷ್ಟೇ ಅಪಾಯ ಹೊತ್ತು ಕೂತಿದ್ದಾರೆ. ಅವರ ಉಳಿತಾಯ ಗಟ್ಟಿ ಜಾಗದಲ್ಲಿರಬೇಕು. ಸಂಬಳದವರ ದುಡಿಮೆ ಗಟ್ಟಿ. ಅವರ ಉಳಿತಾಯ ಸ್ವಲ್ಪ ಅಲುಗಾಡಿದ್ರೂ ಮನೆ ನಡೆಯುತ್ತೆ.

ಸಾಮಾನ್ಯವಾಗಿ ಕಾಣೋದು ಮಾತ್ರ ಉಲ್ಟಾ. ಇಪ್ಪತ್ತೈದು ವರ್ಷ ಸರ್ವಿಸ್ ಬಾಕಿ ಇರೋ ನೌಕರರು ಪೂರ್ತಿ ದುಡ್ಡು ಎಫ್‌ಡಿಯಲ್ಲಿ ಇಟ್ಟಿರ್ತಾರೆ. ಸಾಲದ ಮೇಲೆ ಸರಕು ತಂದು ಅಂಗಡಿ ನಡೆಸೋರು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಮೊಬೈಲ್‌ನಲ್ಲಿ ಆಪ್ಷನ್ ಟ್ರೇಡಿಂಗ್ ಮಾಡ್ತಿರ್ತಾರೆ. ಅದು ಶೇರು ಕೊಳ್ಳೋದೂ ಅಲ್ಲ, ದರದ ಮೇಲೆ ಪಣ ಕಟ್ಟೋದು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಹೀಗೆ ಎಫ್ ಆಂಡ್ ಓ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳ್ಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ ಅಂತ ಸೆಬಿಯೇ ಲೆಕ್ಕ ಕೊಟ್ಟಿದೆ.

ಇನ್ನೊಂದು ತಪ್ಪು, ದುಡಿಯೋ ಜಾಗದಲ್ಲೇ ಉಳಿತಾಯವನ್ನೂ ಇಡೋದು. ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡೋರು ಉಕ್ಕಿನ ಶೇರನ್ನೇ ತುಂಬಿಕೊಂಡ್ರೆ, ಉಕ್ಕಿನ ಬೆಲೆ ಬಿದ್ದಾಗ ಓವರ್‌ಟೈಮೂ ಹೋಗಬಹುದು, ಶೇರೂ ಬೀಳಬಹುದು. ಅಮೆರಿಕದ ಎನ್ರಾನ್ ಕಂಪನಿ 2001ರ ಡಿಸೆಂಬರ್‌ನಲ್ಲಿ ದಿವಾಳಿ ಆದಾಗ ನೌಕರರ ನಿವೃತ್ತಿ ಹಣದ ದೊಡ್ಡ ಪಾಲು ಅದೇ ಕಂಪನಿಯ ಶೇರಿನಲ್ಲಿತ್ತು. ಕೆಲಸ, ಉಳಿತಾಯ ಎರಡೂ ಒಟ್ಟಿಗೇ ಹೋದವು.

"ನೂರರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪರ್ಸೆಂಟ್ ಶೇರಿಗೆ ಹಾಕಿ" ಅನ್ನೋ ಸೂತ್ರ ಬಹಳ ಕಡೆ ಕೇಳಿಬರುತ್ತೆ. ಮೂವತ್ತರ ಮೇಷ್ಟ್ರಿಗೂ ಮೂವತ್ತರ ಟಿಪ್ಪರ್ ಮಾಲೀಕರಿಗೂ ಅದು ಒಂದೇ ಉತ್ತರ ಕೊಡುತ್ತೆ. ಅದಕ್ಕೇ ಅದನ್ನ ಕಣ್ಣುಮುಚ್ಚಿ ನಂಬಬಾರದು.

ಮೂರು ಮನೆ, ಮೂರು ಲೆಕ್ಕ

ಇವು ಬರೀ ಉದಾಹರಣೆಗಳು. ಅಂಕಿ ಬದಲಿಸಿ ನಿಮ್ಮ ಮನೆಗೆ ಹೊಂದಿಸಿಕೊಳ್ಳಿ.

ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರು: ಮಾಲು ಮಾರಿ 5 ಲಕ್ಷ ಕೈಗೆ ಬಂದಿದೆ. ಮುಂದಿನ ಬೆಳೆಯ ಬೀಜ, ಗೊಬ್ಬರ, ಔಷಧಿ, ಕೂಲಿಗೆ 2 ಲಕ್ಷ ಬೇಕು. ಅದು ಉಳಿತಾಯ ಖಾತೆ ಅಥವಾ ಆರು ತಿಂಗಳ ಎಫ್‌ಡಿಯಲ್ಲಿರಲಿ. ಎರಡು ವರ್ಷಕ್ಕೆ ಮಗಳ ಕಾಲೇಜು ಫೀಜು 1 ಲಕ್ಷ. ಅದಕ್ಕೆ ಎರಡು ವರ್ಷದ ಎಫ್‌ಡಿ. ಉಳಿದ 2 ಲಕ್ಷದಲ್ಲಿ ಒಂದೂವರೆ ಲಕ್ಷ ಬೆಳೆ ಕೈಕೊಟ್ಟ ವರ್ಷಕ್ಕೆ ಅಂತ ಸರ್ಕಾರಿ ಭದ್ರತೆ ಇರೋ ಕಡೆ, ಬೇಕಾದಾಗ ತೆಗೆಯೋ ಹಾಗೆ ಇರಲಿ. ಹತ್ತು ವರ್ಷ ಮುಟ್ಟಲ್ಲ ಅಂತ ಗಟ್ಟಿ ಮನಸ್ಸು ಇದ್ರೆ 50,000 ಮಾತ್ರ ಶೇರಿನ ಫಂಡಿಗೆ. ಒಟ್ಟು ದುಡ್ಡಿನ ಹತ್ತನೇ ಒಂದು ಪಾಲು.

ಸಿರುಗುಪ್ಪದ ಮೇಷ್ಟ್ರು: ವಯಸ್ಸು 35. ತಿಂಗಳಿಗೆ 10,000 ಉಳಿಸ್ತಾರೆ. ಮೊದಲು ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಕೂಡಿಡಬೇಕು. ಆಮೇಲೆ ಉಳಿಸೋದರಲ್ಲಿ ಅರ್ಧ ಅಥವಾ ಸ್ವಲ್ಪ ಜಾಸ್ತಿ ಶೇರಿನ ಫಂಡಿಗೆ ಹಾಕಬಹುದು. ಮಾರುಕಟ್ಟೆ ಬಿದ್ರೂ ಮುಂದಿನ ತಿಂಗಳು ಸಂಬಳ ಬರುತ್ತೆ, ಅದೇ ದುಡ್ಡಿಗೆ ಜಾಸ್ತಿ ಯೂನಿಟ್ ಸಿಗುತ್ತೆ. ಇವರಿಗೆ ದೊಡ್ಡ ಶತ್ರು ಶೇರಿನ ಕುಸಿತ ಅಲ್ಲ, ಇಪ್ಪತ್ತೈದು ವರ್ಷದ ಬೆಲೆಯೇರಿಕೆ.

ಬಳ್ಳಾರಿಯ ಬಟ್ಟೆ ಅಂಗಡಿ: ಮಾಲೀಕರಿಗೆ 50 ವರ್ಷ. ಕೈಯಲ್ಲಿ 3 ಲಕ್ಷ ಇದೆ. ಜೊತೆಗೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ತಂದ ಕೈಸಾಲ 2 ಲಕ್ಷ ಇದೆ. ಎರಡು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಶೇ 24. ಶೇ 24 ಗ್ಯಾರಂಟಿ ಕೊಡೋ ಶೇರೂ ಇಲ್ಲ, ಬಾಂಡೂ ಇಲ್ಲ. ಮೊದಲು ಆ ಸಾಲ ತೀರಿಸಿದ್ರೆ ಅದೇ ಅವರಿಗೆ ಸಿಗೋ ಅತ್ಯುತ್ತಮ ಬಾಂಡ್. ಉಳಿದ 1 ಲಕ್ಷ ವ್ಯಾಪಾರ ಡಲ್ ಆದಾಗ ಬಾಡಿಗೆ, ಹುಡುಗರ ಪಗಾರ ಕೊಡೋಕೆ. ಶೇರಿನ ಮಾತು ಆಮೇಲೆ.

ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆ

ಒಂದು: ಈ ದುಡ್ಡು ಯಾವಾಗ ಬೇಕು? ಐದು ವರ್ಷದೊಳಗೆ ಬೇಕಾದ ದುಡ್ಡು ಶೇರಿನಲ್ಲಿ ಇರಬಾರದು. 2008ರಲ್ಲಿ ಹಾಕಿದವರ ಕತೆ ಮೇಲೆ ಓದಿದ್ದೀರಿ.

ಎರಡು: ಇದರಲ್ಲಿ ಅರ್ಧ ಹೋದ್ರೆ ಮನೆ, ಅಂಗಡಿ, ಹೊಲ ನಿಲ್ಲುತ್ತಾ? ಇದು ತಡ್ಕೊಳ್ಳೋ ಶಕ್ತಿಯ ಪ್ರಶ್ನೆ.

ಮೂರು: ಅರ್ಧ ಹೋದ್ರೆ ಮಾರದೆ ಸುಮ್ಮನೆ ಇರ್ತೀರಾ? ಇದು ಧೈರ್ಯದ ಪ್ರಶ್ನೆ.

ಶಕ್ತಿ ಮತ್ತು ಧೈರ್ಯ ಬೇರೆ ಬೇರೆ. ಶಕ್ತಿ ಇದ್ದು ಧೈರ್ಯ ಇಲ್ಲದವರು ಇದ್ದಾರೆ. ಧೈರ್ಯ ಇದ್ದು ಶಕ್ತಿ ಇಲ್ಲದವರು ಇನ್ನೂ ಜಾಸ್ತಿ, ಅವರೇ ಹೆಚ್ಚು ಕಳ್ಕೊಳ್ಳೋದು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ನಿಮ್ಮ ಅಳತೆ ಮಾಡಿಕೊಳ್ಳಿ.

ಎಲ್ಲಿ ಕೊಳ್ಳಬೇಕು?

ಸರ್ಕಾರಿ ಬಾಂಡ್ ಕೊಳ್ಳೋಕೆ ಏಜೆಂಟ್ ಬೇಕಿಲ್ಲ. 2021ರ ನವೆಂಬರ್ 12ರಂದು ಶುರುವಾದ ಆರ್‌ಬಿಐ ರಿಟೇಲ್ ಡೈರೆಕ್ಟ್‌ನಲ್ಲಿ ಪುಕ್ಕಟೆ ಖಾತೆ ತೆರೆದು ಕೇಂದ್ರ ಸರ್ಕಾರದ ಬಾಂಡ್, ಕರ್ನಾಟಕ ಸರ್ಕಾರದ ಸಾಲಪತ್ರ ಎರಡನ್ನೂ 10,000 ರೂಪಾಯಿಯಿಂದ ಕೊಳ್ಳಬಹುದು.

ದರದ ಏರಿಳಿತದ ತಲೆನೋವು ಬೇಡ ಅನ್ನೋರಿಗೆ ಆರ್‌ಬಿಐ ಫ್ಲೋಟಿಂಗ್ ರೇಟ್ ಬಾಂಡ್ ಇದೆ. ಕನಿಷ್ಠ 1,000 ರೂಪಾಯಿ, ಅವಧಿ 7 ವರ್ಷ. ಇದರ ಬಡ್ಡಿ ಎನ್‌ಎಸ್‌ಸಿ ದರಕ್ಕಿಂತ ಶೇ 0.35 ಜಾಸ್ತಿ. ಪ್ರತಿ ಜನವರಿ 1, ಜುಲೈ 1ಕ್ಕೆ ದರ ಪರಿಷ್ಕರಣೆ ಆಗುತ್ತೆ. 2023ರ ಜುಲೈಯಲ್ಲಿ ಇದು ಶೇ 8.05ಕ್ಕೆ ಏರಿತ್ತು. ಕೊಳ್ಳೋ ದಿನ ಎಷ್ಟಿದೆ ಅಂತ ಬ್ಯಾಂಕಿನಲ್ಲಿ ಕೇಳಿ. ಆದ್ರೆ ಇದನ್ನ ಇನ್ನೊಬ್ಬರಿಗೆ ಮಾರೋಕೆ ಬರಲ್ಲ. ಅರವತ್ತು ದಾಟಿದವರಿಗೆ ಕೆಲವು ರಿಯಾಯಿತಿ ಬಿಟ್ರೆ ಅವಧಿಗೆ ಮುಂಚೆ ದುಡ್ಡು ತೆಗೆಯೋಕೂ ಆಗಲ್ಲ. 60 ದಾಟಿದವರಿಗೆ ಅಂಚೆ ಕಚೇರಿ, ಬ್ಯಾಂಕ್‌ಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯೂ ಇದೆ. ಮಿತಿ 30 ಲಕ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ.

ಶೇರಿಗೆ ಹಾಕೋರು ಒಂದೇ ಕಂಪನಿ ಹಿಡಿದು ಕೂರೋ ಬದಲು ನಿಫ್ಟಿಯ 50 ಅಥವಾ ಸೆನ್ಸೆಕ್ಸಿನ 30 ಕಂಪನಿಗಳಲ್ಲಿ ಹರಡಿ ಹಾಕೋ ಇಂಡೆಕ್ಸ್ ಫಂಡ್ ನೋಡಬಹುದು. ಖರ್ಚು ಕಡಿಮೆ, ಒಂದು ಕಂಪನಿ ಮುಳುಗಿದ್ರೂ ಎಲ್ಲಾ ಹೋಗಲ್ಲ. ಎಲ್ಲಿ ಹಾಕಿದ್ರೂ ನಾಮಿನಿ ಹೆಸರು ಬರೆಸಿ, ಮನೆಯಲ್ಲಿ ಒಬ್ಬರಿಗಾದ್ರೂ ಹೇಳಿರಿ.

ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿಗೆ ಸೇರಿಸಿ "ದಿನಕ್ಕೆ ಇಷ್ಟು ಗ್ಯಾರಂಟಿ" ಅನ್ನೋರು ಶೇರಿನವರೂ ಅಲ್ಲ, ಬಾಂಡಿನವರೂ ಅಲ್ಲ, ಮೋಸಗಾರರು. ಸಲಹೆ ಕೊಡೋರಿಗೆ ಸೆಬಿ ನೋಂದಣಿ ಇದೆಯಾ ಅಂತ ಸೆಬಿ ವೆಬ್‌ಸೈಟಿನಲ್ಲೇ ನೋಡಿ. ದುಡ್ಡು ಹೋದ್ರೆ ನಾಚಿಕೆ ಪಟ್ಟು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳ್ತೀರೋ ಅಷ್ಟು ದುಡ್ಡು ತಡೆಯೋ ಅವಕಾಶ ಜಾಸ್ತಿ.

ಮುಂದಿನ ಸಲ ಮನೆಯಲ್ಲಿ ಅಪ್ಪ-ಮಗನ ವಾದ ಶುರುವಾದಾಗ ಒಂದು ಹಾಳೆ ತಗೊಳ್ಳಿ. ಎಡಗಡೆ ಮನೆಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಬರೀರಿ, ಬಲಗಡೆ ಉಳಿತಾಯ ಎಲ್ಲಿದೆ ಅಂತ ಬರೀರಿ. ಗಣಿ ನಿಂತ್ರೆ, ನೀರು ಬರದಿದ್ರೆ, ದರ ಬಿದ್ರೆ ಎರಡೂ ಕಡೆ ಒಟ್ಟಿಗೇ ಪೆಟ್ಟು ಬೀಳುತ್ತೆ ಅಂತ ಕಂಡ್ರೆ, ಮೊದಲು ಅದನ್ನ ಸರಿ ಮಾಡಿ. ಶೇರೋ ಬಾಂಡೋ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.